ನಲವತ್ತೊಂದು ಯಜಮಾನರ ನಂಬರು

ಶುಕ್ರವಾರ ಮಧ್ಯಾಹ್ನ ಮೂರು ಗಂಟೆಗೆ ಚೆನ್ನೈಯ ಎಗ್ಮೋರಿನ ಸರ್ವೆ ಆಫೀಸಿನಲ್ಲಿ ಕೃತಿ ಆ ಮಾತು ಹೇಳಿದಾಗ ಭವಾನಿ ಬುತ್ತಿಯ ಡಬ್ಬಿ ಮುಚ್ಚುತ್ತಿದ್ದಳು. ಮುಚ್ಚಳ ಕೂಡಲಿಲ್ಲ. ಎರಡು ಸಲ ಒತ್ತಿ ನೋಡಿದಳು. ಆಮೇಲೆ ಡಬ್ಬಿಯನ್ನು ಹಾಗೇ ಚೀಲಕ್ಕೆ ಇಳಿಬಿಟ್ಟಳು.

ಕೃತಿ ಹೇಳಿದ್ದು ಒಳ್ಳೆಯ ಸುದ್ದಿಯೆಂದೇ. ಸರ್ವೆಗೆ ಉತ್ತರ ಕೊಟ್ಟ ಎಲ್ಲ ಹೆಂಗಸರಿಗೂ ಅವರವರ ಉತ್ತರಗಳ ಒಂದು ಪ್ರತಿ ಇವತ್ತು ಸಂಜೆ ಐದಕ್ಕೆ ಫೋನಿಗೆ ಹೋಗುತ್ತದಂತೆ. ತಾವು ಏನು ಹೇಳಿದೆವು ಎಂದು ನೋಡುವುದು ಹೇಳಿದವರ ಹಕ್ಕು ಎಂದು ಮೇಲಿನ ಕಮಿಟಿಯವರು ತೀರ್ಮಾನಿಸಿದ್ದಾರಂತೆ. ಯಾರೂ ಏನೂ ಮಾಡಬೇಕಾಗಿಲ್ಲ, ಫಾರಂನಲ್ಲಿರುವ ನಂಬರಿಗೆ ಕಂಪ್ಯೂಟರೇ ಕಳಿಸುತ್ತದೆ.

ಭವಾನಿ ಬರೆದುಕೊಂಡ ಫಾರಂಗಳು ನಲವತ್ತೊಂದು. ಒಂದರಲ್ಲೂ ಹೆಂಗಸರ ಸ್ವಂತ ನಂಬರಿಲ್ಲ, ಇದ್ದದ್ದು ಗಂಡಂದಿರ ನಂಬರು. ಗಂಡ ತೀರಿಹೋದ ಇಬ್ಬರ ಫಾರಂನಲ್ಲಿ ಮಗನದು. ಆ ನಲವತ್ತೊಂದರಲ್ಲಿ ಒಂದು ಫಾರಂ ಭವಾನಿಯದೇ.

ಅವಳು ಗೋಡೆಯ ಗಡಿಯಾರ ನೋಡಿದಳು. ಇನ್ನೆರಡು ಗಂಟೆಯಲ್ಲಿ ಗಂಡ ಸಿದ್ಧಲಿಂಗೇಶನ ಅಂಗಿಯ ಜೇಬಿನಲ್ಲಿ ಫೋನು ಟಿಣ್ ಅನ್ನುತ್ತದೆ. ಅವನು ಕನ್ನಡಕ ಏರಿಸಿ, ಹೆಂಡತಿ ತನ್ನ ಮನೆಯ ಬಗ್ಗೆ ಯಾರಿಗೋ ಏನು ಹೇಳಿದ್ದಾಳೆಂದು ಒಂದೊಂದೇ ಸಾಲು ಓದುತ್ತಾನೆ.

ಭವಾನಿಗೆ ಈಗ ನಲವತ್ತಾರು. ರಾಣೆಬೆನ್ನೂರಿನವಳು. ಬಿ.ಎ. ಮುಗಿಸಿದ ವರ್ಷವೇ ಚೆನ್ನೈಗೆ ಸೊಸೆಯಾಗಿ ಬಂದಳು. ಗಂಡನದು ಬ್ಯಾಡಗಿ ಮೆಣಸಿನಕಾಯಿಯ ದಲಾಲಿ ವ್ಯಾಪಾರ. ಮೆತ್ತಗೆ ಮಾತಾಡುವ ಮನುಷ್ಯ. ಊರ ಕಡೆಯಿಂದ ಆಸ್ಪತ್ರೆಗೆಂದು ಬಂದವರಿಗೆ ತಾನೇ ಮುಂದೆ ನಿಂತು ಡಾಕ್ಟರನ್ನು ಹುಡುಕಿಕೊಡುತ್ತಿದ್ದ. ಅಂಥ ಗಂಡ ಸಿಗಲು ಪುಣ್ಯ ಮಾಡಿರಬೇಕು ಎಂದು ನೆಂಟರು ಹೇಳುತ್ತಿದ್ದರು, ಭವಾನಿ ಹೌದೆನ್ನುತ್ತಿದ್ದಳು. ಮನೆಯಲ್ಲಿ ಅವನಿಗೆ ಸಿಟ್ಟು ಬಂದರೆ ಮಾತು ನಿಲ್ಲುತ್ತಿತ್ತು. ಒಂದು ಸಲ ನಿಂತದ್ದು ನಾಲ್ಕು ತಿಂಗಳು ನಿಂತಿತು. ಅಷ್ಟು ದಿನವೂ ಅವನು ಅವಳೆದುರಿಗೇ ಕೂತು, ಅವಳು ಮಾಡಿದ್ದನ್ನು ಉಂಡು, ಉಪ್ಪು ಕಡಿಮೆಯಾದರೆ ಗೋಡೆಗೆ ಹೇಳುತ್ತಿದ್ದ.

ವೇಲಚೇರಿಯ ಆ ಮೂರನೇ ಮಹಡಿಯ ಮನೆಯಲ್ಲಿ ನಸುಕಿನ ಐದಕ್ಕೆ ಶುರುವಾದ ಕೆಲಸ ನೀರಿನ ಮೋಟಾರು, ಹಾಲು, ಅತ್ತೆಯ ಕಷಾಯ, ಮೂರು ಬಗೆಯ ಬುತ್ತಿ ಎಂದು ಮುಂದುವರಿದು ರಾತ್ರಿಯ ರೊಟ್ಟಿಗೆ ಬಂದು ಮುಟ್ಟುತ್ತಿತ್ತು. ಆ ಮನೆಯಲ್ಲಿ ರೊಟ್ಟಿ ಬಡಿದಿಟ್ಟು ಆಮೇಲೆ ಬಡಿಸುವ ರೂಢಿಯಿಲ್ಲ. ಹಂಚಿನಿಂದ ನೇರ ತಟ್ಟೆಗೆ ಬೀಳಬೇಕು, ಉಬ್ಬಿದ್ದು ಇಳಿಯುವುದರೊಳಗೆ ಮುರಿಯಬೇಕು. ಮೊದಲು ಗಂಡ, ಆಮೇಲೆ ಮಗ ಶಿವಕಿರಣ್, ಆಮೇಲೆ ಅತ್ತೆ ಸುಮಿತ್ರಮ್ಮ. ಮಗ ಕಾಲೇಜಿನ ಹುಡುಗ; ಇನ್ನೊಂದು ಬೇಕೇ ಎಂದು ಅವ್ವ ಕನ್ನಡದಲ್ಲಿ ಕೇಳಿದ್ದಕ್ಕೆ ತಮಿಳಿನಲ್ಲಿ, ಫೋನಿನಿಂದ ತಲೆ ಎತ್ತದೆ, "ಇನ್ನೊಣ್ಣು ಮಾ" ಅನ್ನುತ್ತಿದ್ದ. ಎಲ್ಲರದ್ದೂ ಮುಗಿದು, ಒಲೆಕಟ್ಟೆ ಒರೆಸಿ, ಕೊನೆಗೆ ಬಡಿದ ರೊಟ್ಟಿಯನ್ನು ಭವಾನಿ ನಿಂತೇ ತಿನ್ನುತ್ತಿದ್ದಳು. ಕೂತರೆ ಮತ್ತೆ ಏಳುವುದು ಕಷ್ಟ.

ಹನ್ನೊಂದು ವರ್ಷದ ಹಿಂದೆ ಒಂದು ಸಂಜೆ ಅವಳಿಗೆ ಜ್ವರ. ಇವತ್ತೊಂದು ದಿನ ರೊಟ್ಟಿ ಬುಟ್ಟಿಯೊಳಗೆ ಹಾಕಿಡುತ್ತೇನೆ, ಎಲ್ಲರೂ ಕೂಡಿಯೇ ಕೂತು ಉಣ್ಣೋಣ ಎಂದು ಕೇಳಿದಳು. ಕೇಳಿದ್ದು ಅಷ್ಟೇ. ಸಿದ್ಧಲಿಂಗೇಶ್ ಒಂದು ಮಾತೂ ಆಡದೆ ಮುಂದಿದ್ದ ಸ್ಟೀಲ್ ತಟ್ಟೆ ಎತ್ತಿ ಬೀಸಿದ. ಎಡಗಣ್ಣಿನ ಹುಬ್ಬು ಸೀಳಿ ಮೂರು ಹೊಲಿಗೆ ಬಿದ್ದವು. ಡಾಕ್ಟರು ಕೇಳಿದಾಗ ಭವಾನಿ ಬಾಯಿ ತೆರೆಯುವ ಮೊದಲೇ ಸುಮಿತ್ರಮ್ಮ, ಅಲ್ಮೇರಾದ ಬಾಗಿಲು ಬಡಿಯಿತು ಅಂದರು. ಮನೆಗೆ ಬಂದ ಮೇಲೆ ಆ ಅತ್ತೆಯೇ ಹಾಲಿಗೆ ಅರಿಶಿನ ಹಾಕಿ ಕುಡಿಸಿ, ರಾತ್ರಿಯೆಲ್ಲ ತಲೆದಿಂಬಿನ ಹತ್ತಿರ ಕೂತಿದ್ದರು. "ಹಸದ ಗಂಡಸಿನ ಮುಂದ ಹೊಸ ಮಾತು ತಗೀಬಾರದವ್ವಾ" ಅಂದಿದ್ದರು. ಅಲ್ಲಿಂದ ಈಚೆಗೆ ಆ ಮನೆಯಲ್ಲಿ ತಟ್ಟೆ ಹಾರಿಲ್ಲ. ಹಾರುವ ಪ್ರಸಂಗವನ್ನೇ ಭವಾನಿ ತರಲಿಲ್ಲ.

ಸರ್ವೆ ಕೆಲಸ ಸಿಕ್ಕದ್ದು ಹೋದ ವರ್ಷ. ಕನ್ನಡ ಓದಲು ಬರೆಯಲು ಬರುವ, ಚೆನ್ನೈಯ ಕನ್ನಡ ಮನೆಗಳಿಗೆ ಹೋಗಿ ಹೆಂಗಸರನ್ನು ಮಾತಾಡಿಸಬಲ್ಲ ಹೆಂಗಸು ಬೇಕಾಗಿದ್ದಾಳೆ ಎಂದು ಕನ್ನಡ ಸಂಘದಲ್ಲಿ ಯಾರೋ ಹೇಳಿದರು. ಹೆಂಗಸರ ಹತ್ತಿರ ಮಾತಾಡುವ ಕೆಲಸ, ದೀಪ ಹಚ್ಚುವ ಹೊತ್ತಿಗೆ ಮನೆಗೆ ಬರಬಹುದು ಎಂದು ಸಿದ್ಧಲಿಂಗೇಶ್ ಒಪ್ಪಿದ. ಏನು ಕೇಳುವ ಸರ್ವೆ ಎಂದು ಅವನು ವಿಚಾರಿಸಲಿಲ್ಲ, ಇವಳು ಹೇಳಲಿಲ್ಲ.

ಕೇಳುವುದು ಇದನ್ನೇ: ಒಂದು ಮನೆಯಲ್ಲಿ, ಒಂದು ಊರಿನಲ್ಲಿ ಕೆಲವರಿಗೆ ಹೆಚ್ಚು ಸಿಗುತ್ತದೆ, ಕೆಲವರಿಗೆ ಕಡಿಮೆ. ಕಡಿಮೆ ಸಿಕ್ಕವರೇ ಎದ್ದು ನಿಂತು "ಇದ್ದದ್ದು ಇದ್ದ ಹಾಗೇ ಸರಿ" ಎಂದು ವಾದಿಸುತ್ತಾರಲ್ಲ, ಯಾಕೆ? ಅದನ್ನು ಅಳೆಯಲು ಇಪ್ಪತ್ತಾರು ವಾಕ್ಯಗಳಿದ್ದವು. ಒಂದೊಂದಕ್ಕೂ ಒಂದರಿಂದ ಏಳರ ತನಕ ಅಂಕಿ. ಏಳೆಂದರೆ ಪೂರ್ತಿ ಒಪ್ಪಿಗೆ, ಒಂದೆಂದರೆ ಸುತರಾಂ ಇಲ್ಲ. ಮನೆಯ ಕೆಲಸ ಈಗ ಹಂಚಿಕೆಯಾಗಿರುವ ರೀತಿ ನ್ಯಾಯವಾಗಿದೆ. ಎಲ್ಲರೂ ಉಂಡ ಮೇಲೆ ಹೆಂಗಸು ಉಣ್ಣುವುದು ಸರಿ. ಕೆಲಸದವಳಿಗೆ ಬೇರೆ ಲೋಟ ಇಡುವುದರಲ್ಲಿ ತಪ್ಪಿಲ್ಲ. ಹೀಗೆ. ಕೊನೆಯಲ್ಲಿ ಅಂಕಿಯಿಲ್ಲದ ಒಂದು ಪ್ರಶ್ನೆ: ಇದು ಬದಲಾಗಲಿ ಎಂದು ನೀವು ಮನೆಯಲ್ಲಿ ಕೇಳಿದರೆ ಏನಾಗುತ್ತದೆ?

ಉತ್ತರ ಕೊಡುವವರು ಒಬ್ಬರೇ ಇರಬೇಕು ಎಂಬುದು ನಿಯಮ. ಆದರೆ ಯಾವ ಮನೆಯಲ್ಲಿ ಹೆಂಗಸು ಒಬ್ಬಳೇ ಇರುತ್ತಾಳೆ? ಹಾಲಿನಲ್ಲಿ ಕೂತರೆ ಯಜಮಾನರು ಪೇಪರ್ ಹಿಡಿದು ಪಕ್ಕದಲ್ಲೇ ಕೂರುತ್ತಿದ್ದರು, ಹೆಂಗಸರು ಸಾಲಾಗಿ ಏಳು, ಏಳು, ಏಳು ಅನ್ನುತ್ತಿದ್ದರು. ಭವಾನಿ ಒಂದು ದಾರಿ ಕಂಡುಕೊಂಡಳು. ಕುಡಿಯಲು ನೀರು ಕೇಳಿ, ತರಲು ಎದ್ದವರ ಹಿಂದೆಯೇ ಅಡುಗೆಮನೆಗೆ ಹೋಗುವುದು. ಅಲ್ಲಿ ಕುಕ್ಕರಿನ ಸದ್ದಿತ್ತು, ಸಿಂಕಿಗೆ ಬಿಟ್ಟ ನಲ್ಲಿಯಿತ್ತು. ಬೀನ್ಸ್ ಮುರಿಯುತ್ತ, ಹೂಬತ್ತಿ ಹೊಸೆಯುತ್ತ, ಮುಖ ನೋಡದೆ ಅವರು ಬೇರೆ ಅಂಕಿಗಳನ್ನು ಹೇಳುತ್ತಿದ್ದರು.

ಫೋನ್ ನಂಬರಿನ ಸಾಲು ಬಂದಾಗ ಮಾತ್ರ ಎಲ್ಲರೂ ಹಾಲಿನ ಕಡೆ ತಿರುಗಿ, ರೀ ನಿಮ್ಮ ನಂಬರು ಹೇಳಿ ಅನ್ನುತ್ತಿದ್ದರು. ಗ್ಯಾಸಿಗೆ, ರೇಷನ್ ಕಾರ್ಡಿಗೆ, ಮಕ್ಕಳ ಶಾಲೆಗೆ ಕೊಡುವುದು ಅದೇ ನಂಬರು. ಭವಾನಿಗೂ ಅದರಲ್ಲಿ ವಿಚಿತ್ರ ಕಾಣಲಿಲ್ಲ. ಅದರ ಕೆಳಗೆ, ಉತ್ತರ ತುಂಬಲು ಆಫೀಸಿನವರು ಕೊಟ್ಟಿದ್ದ ಟ್ಯಾಬ್ ಕೇಳುತ್ತಿತ್ತು: ಇದು ಉತ್ತರಿಸಿದವರ ಸ್ವಂತ ನಂಬರೇ? ಇಲ್ಲ ಎಂದು ಒತ್ತಿದರೆ ಇನ್ನೂ ನಾಲ್ಕು ಪ್ರಶ್ನೆ ತೆರೆದುಕೊಳ್ಳುತ್ತಿದ್ದವು. ಹೌದು ಎಂದು ಒತ್ತಿ ಮುಂದೆ ಹೋಗುತ್ತಿದ್ದಳು. ತರಬೇತಿಯಲ್ಲಿ ಎಲ್ಲರೂ ತಂತಮ್ಮ ಫಾರಂ ಒಂದನ್ನು ತುಂಬಬೇಕೆಂದಾಗ ಅವಳ ಬೆರಳು ಯೋಚಿಸದೆ ಸಿದ್ಧಲಿಂಗೇಶನ ಹತ್ತು ಅಂಕಿ ಒತ್ತಿ, ಹೌದು ಅಂದಿತ್ತು. ತರಬೇತಿಯಲ್ಲಿ ಅವಳ ಪಾಲಿಗೆ ಬಂದದ್ದು ಮೂರನೇ ನಂಬರಿನ ಫಾರಂ. ಎಲ್ಲೋ ಕಂಪ್ಯೂಟರಿನ ಹೊಟ್ಟೆಗೆ ಹೋಗುತ್ತದೆ, ಹೆಸರೂ ಇರುವುದಿಲ್ಲ ಎಂಬ ಧೈರ್ಯದಲ್ಲಿ ಅವಳು ಅದರ ಕೊನೆಯ ಪ್ರಶ್ನೆಗೆ ತಟ್ಟೆಯ ವಿಷಯ ಬರೆದಿದ್ದಳು. ಹನ್ನೊಂದು ವರ್ಷದಲ್ಲಿ ಅವಳು ಅದನ್ನು ಹೇಳಿದ್ದು ಅಲ್ಲಿ ಮಾತ್ರ.

"ಆಂಟಿ, ಎನ್ನ ಆಚ್ಚು, ಏನಾಯ್ತು? ಮುಖ ಎಲ್ಲಾ ಬೆವ್ರಿದೆ" ಎಂದು ಕೃತಿ ಕೇಳಿದಳು. ಕೃತಿ ಈ ಅಧ್ಯಯನ ನೋಡಿಕೊಳ್ಳುವ ಹುಡುಗಿ, ಪಿಎಚ್.ಡಿ. ಮಾಡುತ್ತಿದ್ದಾಳೆ. ಕನ್ನಡದವರ ಮಗಳಾದರೂ ಓದಿದ್ದು ಬೆಳೆದದ್ದು ಇಲ್ಲೇ; ಅವಳ ಕನ್ನಡ ತಮಿಳಿನ ಕೈ ಹಿಡಿದೇ ನಡೆಯುತ್ತದೆ.

ಸೆಕೆ ಅಂದಳು ಭವಾನಿ. ಹತ್ತು ನಿಮಿಷ ಬಿಟ್ಟು, ಏನೂ ಅಲ್ಲವೆಂಬಂತೆ, ಒಂದು ಫಾರಂನಲ್ಲಿ ನಂಬರು ತಪ್ಪಿದೆ, ತಿದ್ದಬಹುದೇ ಎಂದು ಕೇಳಿದಳು. ಒಂದೆರಡಾದರೆ ಇಲ್ಲೇ ತಿದ್ದಬಹುದಂತೆ. ಭವಾನಿ ಮೂರನೇ ಫಾರಂ ಅಂದಳು, ತನ್ನ ಸ್ವಂತ ನಂಬರು ಹೇಳಿದಳು. ಕೃತಿಯ ಪರದೆಯಲ್ಲಿ ನಂಬರಿನ ಪುಟ ಮಾತ್ರ ಕಾಣುತ್ತಿತ್ತು. ಯಾರ ಫಾರಂ ಎಂದೂ ಕೇಳದೆ ಅವಳು ತಿದ್ದಿ, ಮುಗೀತು ಅಂದಳು.

ಚೀಲ ಹೆಗಲಿಗೇರಿಸಿ ಭವಾನಿ ಮೆಟ್ಟಿಲಿಳಿದಳು. ರಸ್ತೆ ದಾಟಿ, ಎಗ್ಮೋರ್ ಸ್ಟೇಷನ್ನಿನ ಮೇಲ್ಸೇತುವೆ ಹತ್ತಿ ಇಳಿದು, ಲೋಕಲ್ ಗಾಡಿಯ ಪ್ಲಾಟ್‌ಫಾರಂನಲ್ಲಿ ಹೆಂಗಸರ ಡಬ್ಬಿ ನಿಲ್ಲುವ ಜಾಗಕ್ಕೆ ಬಂದು ನಿಂತ ಮೇಲೆ ಅವಳಿಗೆ ನಿರಾಳವಾಗಬೇಕಿತ್ತು. ಆಗಲಿಲ್ಲ. ಜಯಲಕ್ಷ್ಮೀ ನೆನಪಾದಳು.

ವೇಲಚೇರಿಯಲ್ಲೇ, ಭವಾನಿಯ ಮನೆಯಿಂದ ಎರಡು ರಸ್ತೆ ಆಚೆ, ಬದರಿನಾಥ ಎಂಬ ನಿವೃತ್ತ ಬ್ಯಾಂಕ್ ಅಧಿಕಾರಿಯ ಹೆಂಡತಿ ಜಯಲಕ್ಷ್ಮೀ. ಮೂರು ತಲೆಮಾರಿನಿಂದ ಮದ್ರಾಸಿನಲ್ಲಿರುವ ವೈಷ್ಣವರು. ಅವರ ಅಡುಗೆಮನೆಯೊಳಗೆ ಹೊರಗಿನವರು ಕಾಲಿಡುವ ಹಾಗಿಲ್ಲ. ಭವಾನಿ ಹೊಸ್ತಿಲಾಚೆ ಪಾತ್ರೆ ತೊಳೆಯುವ ಜಾಗದಲ್ಲಿ ನಿಂತಿದ್ದಳು. ಒಳಗೆ ಮಡಿಸೀರೆಯ ಜಯಲಕ್ಷ್ಮೀ ಒಲೆಯ ಕಡೆ ಮುಖ ಮಾಡಿಕೊಂಡು, ಕೆಲಸದವಳಿಗೆ ಬೇರೆ ಲೋಟ ಇಡುವುದಕ್ಕೆ ಏಳು ಅಂದಿದ್ದಳು, ಒಂದು ಕ್ಷಣವೂ ತಡೆಯದೆ. ಭವಾನಿಗೆ ಅದು ಚುಚ್ಚಿತ್ತು, ತನಗೆ ಕಾಫಿ ಬಂದ ಲೋಟವೂ ಬೇರೆ ಇದ್ದದ್ದರಿಂದ. ಆದರೂ ತನ್ನ ಮನೆಯ ಕೆಲಸದವಳ ಲೋಟದ ವಿಷಯಕ್ಕೆ ತಾನು ಬರೆದದ್ದು ಆರು ಎಂಬುದು ನೆನಪಿತ್ತು. ಮನೆಯ ಕೆಲಸದ ಹಂಚಿಕೆ ನ್ಯಾಯವೇ ಎಂದಾಗ ಜಯಲಕ್ಷ್ಮೀ ಸೌಟು ತಿರುಗಿಸುವುದನ್ನು ನಿಲ್ಲಿಸಿದಳು. ಒಂದು ಅಂದಳು. ಅದರ ಮುಂದಿನದಕ್ಕೂ ಒಂದು. ಕೊನೆಯ ಪ್ರಶ್ನೆಗೆ, ಕೇಳಿದರೆ ಏನಾಗುತ್ತದೆ ಎಂದಾಗ, ತಂಗಿಯ ಮನೆಗೆ ಹೋಗಲು ಬಸ್ಸಿನ ಕಾಸನ್ನೂ ಅವರ ಹತ್ತಿರ ಕೇಳಬೇಕು, ಇದನ್ನು ಹೇಗೆ ಕೇಳಲಿ ಅಂದಿದ್ದಳು. ಕೇಳಿದರೆ ಅವರು ಅಡುಗೆಮನೆಗೆ ಬೀಗ ಹಾಕಿ ಹೋಟೆಲಿಂದ ಊಟ ತರಿಸಿ ಮುಂದೆ ಇಟ್ಟುಕೊಂಡು ಒಬ್ಬರೇ ಉಣ್ಣುತ್ತಾರೆ. ಹಾಗೆ ಎರಡು ದಿನ ಮಾಡಿದ್ದಾರೆ. ಅದನ್ನು ಭವಾನಿ ಅವಳ ಮಾತಿನಲ್ಲೇ ಬರೆದುಕೊಂಡಿದ್ದಳು.

ಗಾಡಿ ಬಂತು. ಭವಾನಿ ಹತ್ತಲಿಲ್ಲ. ಕಲ್ಲು ಬೆಂಚಿನ ಮೇಲೆ ಕೂತಳು. ಏನೂ ಆಗುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಗಂಡಸರು ಇಂಥ ಮೆಸೇಜನ್ನು ತೆಗೆದು ನೋಡುವುದೇ ಇಲ್ಲ. ನೋಡಿದರೂ ಬದರಿನಾಥ ಓದಿದವರು, ದೊಡ್ಡ ಹುದ್ದೆಯಲ್ಲಿದ್ದವರು. ಒಂದು ಮನೆಯೆಂದರೆ ಒಂದು ಮಾತು ಬರುತ್ತದೆ, ಹೋಗುತ್ತದೆ. ಇಷ್ಟು ವರ್ಷ ನಡೆದುಕೊಂಡು ಬಂದದ್ದಕ್ಕೆ ಏನಾದರೂ ಕಾರಣ ಇದ್ದೇ ಇರುತ್ತದೆ. ಹೊಂದಿಕೊಂಡು ಹೋಗುವುದು ಹೆಂಗಸರಿಗೆ ಗೊತ್ತಿದೆ.

ಅಲ್ಲಿಗೆ ಬಂದು ಅವಳ ಯೋಚನೆ ನಿಂತುಬಿಟ್ಟಿತು. ಈ ಮಾತುಗಳನ್ನು ಅವಳು ಎಲ್ಲೋ ಓದಿದ್ದಳು. ಎಲ್ಲೋ ಏನು, ಅವಳೇ ಅವನ್ನು ಕನ್ನಡಕ್ಕೆ ತಂದವಳು. ಎಂಟನೇ ವಾಕ್ಯ, ಹದಿನಾಲ್ಕನೇ ವಾಕ್ಯ, ಇಪ್ಪತ್ತೊಂದು. ನಲವತ್ತು ಮನೆಗಳಲ್ಲಿ ಓದಿ ಓದಿ ಬಾಯಿಪಾಠವಾಗಿದ್ದವು. ಈಗ ಯಾರೂ ಕೇಳದೆ, ಯಾವ ಯಜಮಾನರೂ ಪಕ್ಕದಲ್ಲಿ ಕೂತಿರದೆ, ಎಗ್ಮೋರಿನ ಪ್ಲಾಟ್‌ಫಾರಂನಲ್ಲಿ ಅವಳು ಎಲ್ಲಕ್ಕೂ ಏಳು ಹಾಕುತ್ತ ಕೂತಿದ್ದಳು. ಯಾಕೆಂದರೆ ವಾಪಸ್ಸು ಹೋಗಿ ನಿಜ ಹೇಳಿದರೆ ಕೆಲಸ ಹೋಗುತ್ತದೆ. ನಲವತ್ತೊಂದು ಸಲ ಸುಳ್ಳು ಒತ್ತಿದವಳು ಎಂದು ಹೆಸರಾಗುತ್ತದೆ. ಆ ಹೆಸರು ಸಂಘದ ಮೂಲಕ ಮನೆಗೆ ಬರುತ್ತದೆ. ಅದಕ್ಕಿಂತ ಬದರಿನಾಥ ಒಳ್ಳೆಯವರು ಎಂದು ನಂಬುವುದು ಸುಲಭ.

ನಾಲ್ಕಕ್ಕೆ ಐದು ನಿಮಿಷವಿತ್ತು. ಅವಳು ಎದ್ದು ಮೇಲ್ಸೇತುವೆಯ ಮೆಟ್ಟಿಲು ಹತ್ತತೊಡಗಿದಳು. ಕಂಬಿ ಹಿಡಿದು, ಎದುರು ಬರುವವರ ಪೆಟ್ಟಿಗೆಗಳ ನಡುವೆ ನುಸುಳಿಕೊಂಡು ಹೋದಳು.

ವಿಷಯ ಕೇಳಿ ಕೃತಿ ಮೊದಲು ನಕ್ಕಳು. ಗಂಡನ ನಂಬರಿಗೆ ಹೋದರೆ ಏನು, ಅವರು ತೋರಿಸ್ತಾರೆ ಬಿಡಿ ಅಂದಳು. ಭವಾನಿ ಒಂದಲ್ಲ, ನಲವತ್ತೊಂದೂ ಹಾಗೇ ಅಂದಾಗ ನಗು ನಿಂತಿತು. ಸ್ವಂತ ನಂಬರೇ ಎಂಬಲ್ಲಿ ಎಲ್ಲದಕ್ಕೂ ಹೌದು ಎಂದಿದೆಯಲ್ಲ ಎಂದು ಪರದೆ ನೋಡಿ ಕೇಳಿದಳು. ಹೌದು, ಅದು ತಾನು ಒತ್ತಿದ ಸುಳ್ಳು ಎಂದು ಭವಾನಿ ಒಪ್ಪಿಕೊಂಡಳು. ಒಂದೆರಡಾದರೆ ತಿದ್ದಬಹುದಿತ್ತು, ಇಷ್ಟಾದರೆ ಕಳಿಸುವುದನ್ನೇ ಪೂರ್ತಿ ನಿಲ್ಲಿಸಬೇಕು, ಅದಕ್ಕೆ ಪ್ರೊಫೆಸರಿಗೆ ಹೇಳಬೇಕು, ಅವರು ಮೀಟಿಂಗಿನಲ್ಲಿದ್ದಾರೆ, ಯಾರ ತಪ್ಪು ಎಂದು ಬರೆದುಕೊಡಬೇಕಾಗುತ್ತದೆ ಎಂದು ಕೃತಿ ಒಂದೇ ಉಸಿರಿನಲ್ಲಿ ಹೇಳಿದಳು. ಆಮೇಲೆ ಸ್ವಲ್ಪ ಮೆತ್ತಗಾಗಿ, "ಆಂಟಿ, ಬರೀ ಒಪೀನಿಯನ್ ತಾನೇ. ಮನೇಲಿ ಓದಿದ್ರೆ ಅಪ್ಪಡಿ ಅಂಥದ್ದೇನ್ ಆಗ್‌ಬಿಡತ್ತೆ?" ಅಂದಳು.

ಭವಾನಿ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದಳು. ಹೊರಗೆ ಗಾಡಿಯ ಸೀಟಿ ಕೇಳಿತು.

"ಮೂರನೇ ಫಾರಂ ತಗೀವಾ" ಅಂದಳು. "ಕಡೀ ಪ್ರಶ್ನೆ ಓದು."

ಕೃತಿ ತೆಗೆದಳು. ನಾಲ್ಕು ಸಾಲಿನ ಕನ್ನಡ ಓದಲು ಅವಳಿಗೆ ಹೊತ್ತು ಹಿಡಿಯಿತು, ತುಟಿ ಅಲ್ಲಾಡುತ್ತಿತ್ತು. ಭವಾನಿ ಕಿಟಕಿಯ ಕಡೆ ನೋಡುತ್ತಿದ್ದಳು. ಓದುವುದು ಮುಗಿದದ್ದು ಅವಳಿಗೆ ಸದ್ದಿಲ್ಲದೆಯೇ ತಿಳಿಯಿತು. ಕೃತಿಯ ಕಣ್ಣು ತನ್ನ ಎಡ ಹುಬ್ಬಿನ ಮೇಲೆ ಬಂದು ನಿಂತದ್ದೂ ತಿಳಿಯಿತು.

"ಈ ಫಾರಂ..." ಎಂದು ಕೃತಿ ಶುರುಮಾಡಿದಳು.

"ನಂದ. ಇಂಥಾವು ಇನ್ನೂ ನಲವತ್ತು ಅದಾವ. ಎಲ್ಲಾದ್ರಾಗೂ ತಟ್ಟೀನ ಇರಬೇಕಂತಿಲ್ಲ."

ಕೃತಿ ಫೋನ್ ಎತ್ತಿಕೊಂಡು ಪಕ್ಕದ ಕೋಣೆಗೆ ಹೋಗಿ ಬಾಗಿಲು ಮುಚ್ಚಿದಳು. ಮೊದಲನೆಯ ಸಲ ಯಾರೂ ಎತ್ತಲಿಲ್ಲ. ಎರಡನೆಯ ಸಲವೂ. ಗಾಜಿನಾಚೆ ಅವಳು ಅತ್ತಿಂದಿತ್ತ ನಡೆಯುವುದು ಕಾಣುತ್ತಿತ್ತು. ಹನ್ನೊಂದು ವರ್ಷ ಬಾಯಿಯೊಳಗೆ ಇಟ್ಟುಕೊಂಡದ್ದನ್ನು ಉಗುಳಿದ ಮೇಲೆ ಹಗುರಾಗುತ್ತದೆ ಎಂದು ಜನ ಹೇಳುತ್ತಾರೆ. ಭವಾನಿಗೆ ಹಗುರಾಗಲಿಲ್ಲ. ಮೈಮೇಲಿನ ಸೀರೆ ಜಾರಿದ ಹಾಗೆ ಇತ್ತು. ನಾಲ್ಕು ಇಪ್ಪತ್ತು. ನಾಲ್ಕು ಮೂವತ್ತೈದು. ನಲವತ್ತು ಮನೆಗಳ ಹಾಲಿನಲ್ಲಿ ಟೀಪಾಯಿಯ ಮೇಲೆ, ದಿವಾನದ ತಲೆದಿಂಬಿನ ಪಕ್ಕ, ದೇವರ ಗೂಡಿನ ಕೆಳಗಿನ ಚಾರ್ಜರಿನಲ್ಲಿ ಇರುವ ನಲವತ್ತು ಫೋನುಗಳು ಅವಳ ಕಣ್ಣಿಗೆ ಒಟ್ಟಿಗೇ ಕಂಡವು.

ಐದಕ್ಕೆ ಹನ್ನೆರಡು ನಿಮಿಷ ಇರುವಾಗ ಕೃತಿ ಹೊರಗೆ ಬಂದು, ನಿಂತಿತು ಅಂದಳು. ಒಂದೂ ಹೋಗಿಲ್ಲ. ಆದರೆ ಕೆಲಸದ ವಿಷಯ ಸೋಮವಾರ ಹೇಳುತ್ತಾರಂತೆ. ಅಷ್ಟರೊಳಗೆ ಭವಾನಿ ಎಲ್ಲರನ್ನೂ ಮತ್ತೆ ಕೇಳಿ ಅವರ ಸ್ವಂತ ನಂಬರು ಹಾಕಬೇಕು, ಇಲ್ಲದಿದ್ದರೆ ಪ್ರತಿ ಬೇಡ ಎಂದು ಬರೆದುಕೊಂಡು ಬರಬೇಕು. ಫೋನ್ ಮಾಡಿ ಕೇಳಿಬಿಡಿ ಎಂದು ಪ್ರೊಫೆಸರು ಹೇಳಿದರಂತೆ. ಯಾವ ಫೋನಿಗೆ ಮಾಡುವುದು ಎಂದು ಭವಾನಿ ಕೇಳಿದಾಗ ಕೃತಿ ನಂಬರಿನ ಪಟ್ಟಿ ತೆಗೆದು ನೋಡಿದಳು. ಇರುವುದು ಯಜಮಾನರ ನಂಬರುಗಳೇ. ಬಾಗಿಲಿಂದ ಬಾಗಿಲಿಗೆ ಹೋಗಬೇಕು.

ಜಯಲಕ್ಷ್ಮಿಯ ಮನೆಯ ಗಂಟೆ ಒತ್ತಿದಾಗ ಆರೂಕಾಲು. ಬಾಗಿಲು ತೆಗೆದದ್ದು ಬದರಿನಾಥ. ಬಿಳಿ ಪಂಚೆ, ಮಡಿಸಿದ ಪೇಪರು, ನಗುಮುಖ. "ಬಾಮ್ಮಾ ಬಾ. ಇನ್ನೂ ಮುಗೀಲಿಲ್ವಾ ನಿಂದು ಪರೀಕ್ಷೆ? ಪಾಸೋ ಫೇಲೋ ನಮ್ಮನೆಯವಳು?"

ಭವಾನಿ ಸೋಫಾದ ತುದಿಯಲ್ಲಿ ಕೂತು, ಒಂದು ಸಣ್ಣ ತಿದ್ದುಪಡಿ ಇದೆ, ಅಮ್ಮಾವರ ಸ್ವಂತ ನಂಬರು ಬೇಕಾಗಿತ್ತು ಅಂದಳು. ನನ್ನ ನಂಬರು ಇದೆಯಲ್ಲ, ಅವಳ ಫೋನಿಗೆ ಯಾರು ಕಾಸು ಹಾಕಿಸಿದ್ದಾರೆ, ಮಗಳು ಬಿಟ್ಟುಹೋದ ಹಳೆಯದು ಒಂದು ಇದೆ, ಗಡಿಯಾರ ನೋಡಲು ಇಟ್ಟುಕೊಂಡಿದ್ದಾಳೆ ಎಂದು ಅವರು ನಕ್ಕರು. ಆಮೇಲೆ ಯಾಕೆ ಬೇಕು ಎಂದು ಕೇಳಿದರು. ಭವಾನಿ ಸುಳ್ಳು ಹುಡುಕಿದಳು. ಸಿಗುವುದರೊಳಗೆ ಅವರ ಕಣ್ಣು ಅವಳ ಕೈಯಲ್ಲಿದ್ದ, ಬೇಕು ಬೇಡ ಗುರುತು ಮಾಡಲು ಆಫೀಸಿನಿಂದ ತಂದ ಕಾಗದದ ಮೇಲೆ ಹೋಯಿತು. ಉತ್ತರಗಳ ಪ್ರತಿ ಎಂದು ಅದರ ತಲೆಯ ಮೇಲೆ ದಪ್ಪ ಅಕ್ಷರದಲ್ಲಿತ್ತು.

"ಓ, ಕಾಪಿ ಕೊಡ್ತೀರಾ? ಪ್ರಮಾದಂ, ಬಹಳ ಚೆನ್ನಾಯ್ತು. ನಂಗೇ ಕಳ್ಸು, ನಾನ್ ಓದಿ ಹೇಳ್ತೀನಿ ಅವಳಿಗೆ." ಎಂದು ಒಳಗೆ ಮುಖ ಮಾಡಿ, "ಏನೇ, ಇಲ್ಲಿ ಬಾ. ನಿನ್ನ ಉತ್ತರ ಬರ್ತಾ ಇದೆಯಂತೆ" ಎಂದು ಕರೆದರು.

ಜಯಲಕ್ಷ್ಮೀ ಸೆರಗಿನ ತುದಿಗೆ ಕೈ ಒರೆಸುತ್ತ ಬಂದಳು. ಮಾತು ಕೇಳಿಸಿಕೊಂಡೇ ಬಂದಿದ್ದಳು. ಅವಳ ಮುಖದಲ್ಲಿದ್ದದ್ದನ್ನು ಭವಾನಿ ಬೇರೆ ಯಾರ ಮುಖದಲ್ಲಿ ಕಂಡಿದ್ದರೂ ಜ್ವರ ಅಂದುಕೊಳ್ಳುತ್ತಿದ್ದಳು.

"ಕಾಪಿ ವೇಂಡಾಂ" ಅಂದಳು ಜಯಲಕ್ಷ್ಮೀ.

"ಯಾಕೆ ಬೇಡ? ಅಂಥದ್ದೇನ್ ಬರ್ಸಿದೀಯಾ?" ಬದರಿನಾಥ ಇನ್ನೂ ನಗುತ್ತಲೇ ಇದ್ದರು. ಪೇಪರನ್ನು ಮಾತ್ರ ಕೆಳಗಿಟ್ಟರು.

ಈ ಸದ್ದು ಭವಾನಿಗೆ ಗೊತ್ತು. ನಗುವಿನ ಕೆಳಗೆ ನೆಲ ತಟ್ಟಿ ನೋಡುವ ಸದ್ದು. ತಾನು ಏನಾದರೂ ಹೇಳಬೇಕು, ಹೇಳಿದರೆ ಕೆಡುತ್ತದೆ. ಫ್ಯಾನಿನ ಕೆಳಗೆ ಕಾಗದ ಪಟಪಟ ಅನ್ನುತ್ತಿತ್ತು, ಅದನ್ನು ಮೊಣಕಾಲಿಗೆ ಒತ್ತಿ ಹಿಡಿದಳು.

ಜಯಲಕ್ಷ್ಮೀ ಗಂಡನ ಮುಖ ನೋಡಿದಳು. "ಎಲ್ಲಕ್ಕೂ ಏಳು ಅಂದೆ" ಅಂದಳು. "ಬೇರೆ ಏನ್ ಹೇಳ್ಲಿ? ಒಂದೇ ಅಂಕಿ ಇಪ್ಪತ್ತಾರು ಸಲ ಓದೋಕೆ ನಿಮಗೆ ಬೇರೆ ಕೆಲಸ ಇಲ್ವಾ?"

ಬದರಿನಾಥ ಅವಳನ್ನೂ ಭವಾನಿಯನ್ನೂ ಒಮ್ಮೆ ನೋಡಿದರು. ಆಮೇಲೆ ಜೋರಾಗಿ ನಕ್ಕು, "ನೋಡಮ್ಮಾ, ಬರ್ಕೋ. ಮೂವತ್ತೆಂಟು ವರ್ಷದ ಸರ್ಟಿಫಿಕೇಟು" ಎಂದು ಪೇಪರ್ ಎತ್ತಿಕೊಂಡರು. ಭವಾನಿ ಪ್ರತಿ ಬೇಡ ಎಂಬ ಕಡೆ ಗುರುತು ಮಾಡಿ, ಸಹಿಗೆಂದು ಕಾಗದ ಮುಂದೆ ಮಾಡಿದಳು. ಪೆನ್ನು ಒಳಗಿದೆ ಎಂದು ಜಯಲಕ್ಷ್ಮೀ ಅವಳನ್ನು ಪಾತ್ರೆ ತೊಳೆಯುವ ಜಾಗದ ತನಕ ಕರೆದುಕೊಂಡು ಹೋದಳು. ಪೆನ್ನು ಭವಾನಿಯ ಕೈಯಲ್ಲೇ ಇತ್ತು.

ಜಯಲಕ್ಷ್ಮೀ ನಲ್ಲಿ ತಿರುಗಿಸಿದಳು. ನೀರು ಖಾಲಿ ಪಾತ್ರೆಗೆ ಸದ್ದು ಮಾಡಿಕೊಂಡು ಬೀಳತೊಡಗಿದ ಮೇಲೆ, ಸಂಜೆಯ ಮಡಿಯಲ್ಲಿದ್ದವಳು, ಯಾರನ್ನೂ ಮುಟ್ಟಬಾರದವಳು, ಭವಾನಿಯ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದಳು. ಕೈ ತಣ್ಣಗಿತ್ತು.

"ನಾನ್ ಬರ್ಸಿದ ಆ ಒಂದನ್ನ ಅಳಿಸ್ಬೇಡ" ಅಂದಳು. "ನಾನ್ ಅಲ್ಲಿ ಅವರ ಮುಂದೆ ಏನಾದ್ರೂ ಹೇಳ್ಲಿ. ಅದು ಹಾಗೇ ಇರ್ಲಿ."

ಅಳಿಸುವುದಿಲ್ಲ ಎಂದು ಭವಾನಿ ತಲೆಯಾಡಿಸಿದಳು. ಜಯಲಕ್ಷ್ಮೀ ಸಹಿ ಹಾಕಿ, ನಲ್ಲಿ ನಿಲ್ಲಿಸಿ, ಮುಟ್ಟಿದ್ದಕ್ಕೆ ಮತ್ತೆ ಸ್ನಾನ ಮಾಡಲು ಹೊರಟಳು. ಕಾಫಿಗೆ ಎಷ್ಟು ಹೊತ್ತು ಎಂಬ ಕೂಗು ಹಾಲಿನ ಕಡೆಯಿಂದ ಬಂತು.

ಮೆಟ್ಟಿಲಿನ ತಿರುವಿನಲ್ಲಿ ನಿಂತು ಭವಾನಿ ಟ್ಯಾಬ್ ತೆರೆದಳು. ಜಯಲಕ್ಷ್ಮಿಯ ಸಾಲಿನಲ್ಲಿ ಸ್ವಂತ ನಂಬರೇ ಎಂಬುದಕ್ಕೆ ಇಲ್ಲ ಎಂದು ಒತ್ತಿದಳು. ನಾಲ್ಕು ಪ್ರಶ್ನೆಗಳು ತೆರೆದುಕೊಂಡವು, ನಾಲ್ಕನ್ನೂ ತುಂಬಿದಳು. ಉತ್ತರ ಬದಲಿಸಬೇಕೇ ಎಂಬುದಕ್ಕೂ ಇಲ್ಲ ಅಂದಳು. ಆಮೇಲೆ ಮೂರನೇ ಫಾರಂ ತೆಗೆದಳು. ಪ್ರತಿ ಬೇಕೇ? ಬೆರಳು ಬೇಡ ಎಂಬಲ್ಲಿಗೆ ಹೋಗಿ ನಿಂತಿತು. ನಂಬರೇನೋ ಈಗ ತನ್ನದೇ. ಆದರೆ ಮನೆಯಲ್ಲಿ ಆ ಫೋನು ಅಡುಗೆಮನೆಯ ಕಟ್ಟೆಯ ಮೇಲೆ ಬೀಗವಿಲ್ಲದೆ ಬಾಯಿ ತೆರೆದುಕೊಂಡು ಬಿದ್ದಿರುತ್ತಿತ್ತು. ಮಗ ಅದರಲ್ಲಿ ಊಟ ತರಿಸುತ್ತಿದ್ದ, ಅತ್ತೆ ವಚನ ಕೇಳುತ್ತಿದ್ದರು, ಗಂಡ ಯಾರು ಕರೆ ಮಾಡಿದ್ದರು ಎಂದು ತೆಗೆದು ನೋಡುತ್ತಿದ್ದ.

ಅಷ್ಟರಲ್ಲಿ ಅದೇ ಫೋನು ಹೊಡೆದುಕೊಂಡಿತು. ಸಿದ್ಧಲಿಂಗೇಶ್. ಎಲ್ಲಿದ್ದೀ, ಅವ್ವ ಹಸಿದಾಳ ಅಂದ. ಮೆತ್ತಗಿನ ಧ್ವನಿಯೇ. ಬಂದೆ ಅಂದಳು. ಅವಳ ಧ್ವನಿಯೂ ದಿನದ ಹಾಗೆಯೇ ಇತ್ತು.

ಕರೆ ಮುಗಿದ ಮೇಲೆ ಅವಳು ಮೆಟ್ಟಿಲಿನ ಮೇಲೆ ಕೂತು, ಫೋನಿಗೆ ಬೀಗ ಹಾಕುವುದು ಎಲ್ಲಿ ಎಂದು ಹುಡುಕಿದಳು. ಸಿಕ್ಕಿತು. ನಾಲ್ಕು ಅಂಕಿ ಕೇಳಿತು. ಮಗನ ಹುಟ್ಟಿದ ದಿನ ಒತ್ತಲು ಹೋಗಿ ಬಿಟ್ಟಳು. ಮದುವೆಯ ದಿನ, ಮನೆಯ ನಂಬರು, ಅಂಗಡಿಯ ಹಳೆಯ ಫೋನಿನ ಕೊನೆಯ ನಾಲ್ಕು. ತಲೆಗೆ ಬಂದ ಒಂದೊಂದು ಸಂಖ್ಯೆಯೂ ಆ ಮನೆಯವರಿಗೆಲ್ಲ ಗೊತ್ತಿದ್ದದ್ದೇ. ಕೊನೆಗೆ ಯಾವುದಕ್ಕೂ ಸಂಬಂಧವಿಲ್ಲದ ನಾಲ್ಕು ಅಂಕಿಗಳನ್ನು ಗಾಳಿಯಿಂದ ಹಿಡಿದಂತೆ ಒತ್ತಿದಳು. ಮತ್ತೊಮ್ಮೆ ಒತ್ತು ಎಂದು ಕೇಳಿತು, ಒತ್ತಿದಳು. ಮೂರನೇ ಫಾರಂನಲ್ಲಿ ಬೇಕು ಎಂದು ಗುರುತು ಮಾಡಿದಳು.

ರಸ್ತೆಗೆ ಇಳಿದಾಗ ಬೀದಿದೀಪ ಹತ್ತಿದ್ದವು. ಬೀಗ ಯಾಕೆ ಹಾಕಿದೆ ಎಂದು ಕೇಳಿದರೆ ಏನು ಹೇಳುವುದೆಂದು ಅವಳಿಗೆ ಗೊತ್ತಿರಲಿಲ್ಲ. ಎರಡು ರಸ್ತೆ ದೂರದ ತನ್ನ ಮನೆಯ ತನಕ, ಅಂಗಡಿಗೆ ಕಳಿಸಿದ ಮಗುವಿನ ಹಾಗೆ, ಆ ನಾಲ್ಕು ಅಂಕಿಗಳನ್ನು ತುಟಿಯೊಳಗೇ ಹೇಳಿಕೊಳ್ಳುತ್ತ ಬೇಗ ಬೇಗ ನಡೆದಳು.